ಪಿಂಕ್ ಫ್ಲಾಯ್ಡ್‌ನ ಮೂರು ಹಾಡು: ವೇದಿಕೆಗೆ ಯಾವುದು?

ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಹಾಡು ನುಡಿಸಬೇಕೆಂದು ಹೊರಡುವ ಬ್ಯಾಂಡ್‌ಗಳ ಮುಂದೆ ಹೆಚ್ಚಾಗಿ ಮೂರು ಹಾಡುಗಳು ಬಂದು ನಿಲ್ಲುತ್ತವೆ: ‘ವಿಶ್ ಯು ವರ್ ಹಿಯರ್’, ‘ಮನಿ’, ‘ಕಂಫರ್ಟಬ್ಲಿ ನಮ್’. ಮೊದಲನೆಯದು ಸುಲಭ, ಎರಡನೆಯದು ಲೆಕ್ಕದ ಕಷ್ಟ, ಮೂರನೆಯದಕ್ಕೆ ಒಳ್ಳೆಯ ಗಿಟಾರಿಸ್ಟ್ ಇದ್ದರೆ ಸಾಕು ಎಂಬ ಮಾತಿದೆ. ಮೂರನ್ನೂ ಬೆಂಗಳೂರಿನ ಪಬ್‌ಗಳಲ್ಲಿ, ಕಾಲೇಜು ಉತ್ಸವಗಳಲ್ಲಿ ನುಡಿಸಿದ ಮೇಲೆ ಈ ಮೂರು ಮಾತನ್ನೂ ನಾನು ಒಪ್ಪುವುದಿಲ್ಲ.

‘ಮನಿ’ಯಿಂದಲೇ ಶುರು ಮಾಡುತ್ತೇನೆ. 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮಿನ ಈ ಹಾಡು ಏಳರ ಎಣಿಕೆಯಲ್ಲಿದೆ. ನಾಲ್ಕಕ್ಕೆ ಒಗ್ಗಿದ ಡ್ರಮ್ಮರ್ ಎಂಟನೆಯ ಏಟಿಗೆ ಕೈಯೆತ್ತುವಷ್ಟರಲ್ಲಿ ಬಾಸ್ ಮುಂದಿನ ಆವರ್ತಕ್ಕೆ ಹೋಗಿಬಿಟ್ಟಿರುತ್ತದೆ. ನಮ್ಮ ಡ್ರಮ್ಮರ್ ಚಿಕ್ಕಂದಿನಲ್ಲಿ ಮೃದಂಗ ಕಲಿತವನು. ಏಳರ ತಾಳವಾದ ಮಿಶ್ರಛಾಪಿನ ‘ತಕಿಟ ತಕಧಿಮಿ’ಯನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಕುಳಿತ, ಏಳು ತಾನಾಗಿ ಕೂತಿತು. ಆದರೆ ಲೆಕ್ಕ ಸಿಕ್ಕಿದರೆ ಅರ್ಧ ಕೆಲಸವಾದಂತೆ ಅಷ್ಟೇ. ಈ ಹಾಡಿನ ನಡೆಯಲ್ಲಿ ಬ್ಲೂಸ್ ಸಂಗೀತದ ತೂಗಾಟವಿದೆ. ಅದಿಲ್ಲದಿದ್ದರೆ ಏಳೂ ಏಟು ಒಣಒಣವಾಗಿ ಕೇಳುತ್ತವೆ. ಗಿಟಾರ್ ಸೋಲೊ (ಒಂಟಿ ವಾದನ) ಬಂದಾಗ ಹಾಡು ನಾಲ್ಕಕ್ಕೆ ಹೊರಳುತ್ತದೆ. ಆ ಸೋಲೊದಲ್ಲಿ ಮೂರು ಸುತ್ತು. ನಡುವಿನ ಸುತ್ತಿನಲ್ಲಿ ಪ್ರತಿಧ್ವನಿಯೆಲ್ಲ ಮಾಯವಾಗಿ ಗಿಟಾರ್, ಬಾಸ್, ಡ್ರಮ್ ಮಾತ್ರ ಉಳಿಯುತ್ತವೆ. ಬಹಳಷ್ಟು ಬ್ಯಾಂಡ್‌ಗಳು ಅಲ್ಲೂ ಅದೇ ಅಬ್ಬರದಲ್ಲಿ ನುಡಿಸಿ ಮೂರನೆಯ ಸುತ್ತಿನ ಏರಿಕೆಯನ್ನು ಕೊಂದುಬಿಡುತ್ತವೆ. ಆ ಮೂರನೆಯ ಸುತ್ತಿನ ತುತ್ತತುದಿಯ ಸ್ವರಗಳಿಗೆ ಇಪ್ಪತ್ತನಾಲ್ಕು ಮೆಟ್ಟಿಲಿನ (ಫ್ರೆಟ್) ಗಿಟಾರ್ ಬೇಕು. ಸಾಮಾನ್ಯ ಸ್ಟ್ರಾಟೊಕಾಸ್ಟರ್ ಗಿಟಾರ್‌ನಲ್ಲಿ ತಂತಿಯನ್ನು ಎಳೆದು ಅಲ್ಲಿಗೆ ಮುಟ್ಟಬೇಕಾಗುತ್ತದೆ.

ಇನ್ನು ಸ್ಯಾಕ್ಸೊಫೋನ್. ಧ್ವನಿಮುದ್ರಣದಲ್ಲಿ ಡಿಕ್ ಪ್ಯಾರಿ ನುಡಿಸಿರುವ ಭಾಗ ಅದು, ಅದೂ ಏಳರ ಎಣಿಕೆಯಲ್ಲೇ. ಕೀಬೋರ್ಡ್‌ನ ಸ್ಯಾಕ್ಸ್ ಧ್ವನಿಯಲ್ಲಿ ಅದನ್ನು ನುಡಿಸಿ ನೋಡಿದೆವು. ಉಸಿರಿಲ್ಲದ ಆ ಸದ್ದು ನನಗೆ ಹಿಡಿಸಲೇ ಇಲ್ಲ. ದಕ್ಷಿಣ ಕನ್ನಡದಲ್ಲಿ ಮದುವೆ, ಜಾತ್ರೆಗಳಲ್ಲಿ ಸ್ಯಾಕ್ಸೊಫೋನ್ ನುಡಿಸುವ ದೊಡ್ಡ ಪರಂಪರೆಯೇ ಇದೆ. ಆ ಕಡೆಯ ಗೆಳೆಯನೊಬ್ಬ ನಮ್ಮ ಜೊತೆ ನಿಂತ ಮೇಲೆ ಹಾಡಿಗೆ ಬೇರೆಯೇ ಜೀವ ಬಂತು. ಏಳರ ಎಣಿಕೆಯನ್ನು ಅವನಿಗೆ ಯಾರೂ ವಿವರಿಸಬೇಕಾಗಲಿಲ್ಲ.

1975ರ ‘ವಿಶ್ ಯು ವರ್ ಹಿಯರ್’ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಹೊಸಬರೂ ವಾರದೊಳಗೆ ಕಲಿಯಬಲ್ಲರು. ತೊಡಕು ಇರುವುದು ಆರಂಭದಲ್ಲಿ. ಹನ್ನೆರಡು ತಂತಿಯ ಗಿಟಾರೊಂದು ರೇಡಿಯೊದಿಂದ ಬರುತ್ತಿರುವಂತೆ ಕೇಳುತ್ತದೆ, ಅದಕ್ಕೆ ಕೋಣೆಯಲ್ಲಿ ಕುಳಿತವನೊಬ್ಬ ತನ್ನ ಗಿಟಾರ್ ಸೇರಿಸುತ್ತಾನೆ. ಇಬ್ಬರ ನಡುವಿನ ಆ ದೂರವೇ ಹಾಡಿನ ಜೀವಾಳ. ಒಂದೇ ಗಿಟಾರ್ ಇರುವ ಬ್ಯಾಂಡ್ ಇದಕ್ಕೆ ಕೈ ಹಾಕದಿರುವುದು ಲೇಸು. ಮೊದಲ ಗಿಟಾರ್‌ನ ಮಂದ್ರ, ತಾರ ಎರಡನ್ನೂ ಮಿಕ್ಸರ್‌ನಲ್ಲಿ ತಗ್ಗಿಸಿದರೆ ರೇಡಿಯೊ ಧ್ವನಿ ಬರುತ್ತದೆ. ಆದರೆ ಗ್ಲಾಸು, ತಟ್ಟೆಗಳ ಸದ್ದಿನ ಪಬ್‌ನಲ್ಲಿ ಅದು ಮೂರನೆಯ ಮೇಜನ್ನೂ ದಾಟುವುದಿಲ್ಲ. ಕೇಳುಗರೆಲ್ಲ ಜೊತೆಗೆ ಹಾಡುತ್ತಾರೆ. ಅದು ಸಂತೋಷವೇ, ಆದರೆ ಹಾಡುತ್ತಾ ಲಯವನ್ನು ಹಿಂದಕ್ಕೆಳೆಯುತ್ತಾರೆ, ಡ್ರಮ್ಮರ್ ಕರಗಬಾರದು. ರೆಕಾರ್ಡಿನಲ್ಲಿ ಹಾಡು ಗಾಳಿಯ ಸದ್ದಿನಲ್ಲಿ ಕರಗಿಹೋಗುತ್ತದೆ. ವೇದಿಕೆಯ ಮೇಲೆ ಮುಕ್ತಾಯವನ್ನು ನೀವೇ ಕಟ್ಟಿಕೊಳ್ಳಬೇಕು.

‘ಕಂಫರ್ಟಬ್ಲಿ ನಮ್’ 1979ರ ‘ದ ವಾಲ್’ ಆಲ್ಬಮ್ಮಿನದು. ಎಲ್ಲರ ಗಮನವೂ ತಂಡದ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್‌ನ ಎರಡನೆಯ ಸೋಲೊ ಮೇಲೆ. ನನ್ನ ಪ್ರಕಾರ ಮೊದಲು ಹುಡುಕಬೇಕಾದದ್ದು ಎರಡನೆಯ ಗಾಯಕನನ್ನು. ಚರಣದಲ್ಲಿ ತಂಡದ ಬಾಸ್ ವಾದಕ ರೋಜರ್ ವಾಟರ್ಸ್ ಮಾತನಾಡಿಸುವಂತೆ ಹಾಡುತ್ತಾರೆ. ಪಲ್ಲವಿಯಲ್ಲಿ ಗಿಲ್ಮೋರ್ ಧ್ವನಿ ತೇಲಿ ಬರುತ್ತದೆ. ಅದು ವೈದ್ಯ ಮತ್ತು ರೋಗಿಯ ಸಂಭಾಷಣೆ. ಒಬ್ಬನೇ ಎರಡನ್ನೂ ಹಾಡಿದಾಗ ಆ ನಾಟಕವೇ ಇಲ್ಲವಾಗುತ್ತದೆ. ಮೈಕೆಲ್ ಕೇಮನ್ ಹೊಂದಿಸಿದ ವಾದ್ಯವೃಂದದ ಭಾರವನ್ನು ಕೀಬೋರ್ಡ್ ಹೊರಬೇಕು. ಲಯವಂತೂ ನಿಮಿಷಕ್ಕೆ ಅರವತ್ತು ಚಿಲ್ಲರೆ ಬಡಿತದ್ದು; ಇಷ್ಟು ನಿಧಾನದಲ್ಲಿ ಬ್ಯಾಂಡಿನ ಪ್ರತಿ ಅಳುಕೂ ಹೊರಗೆ ಕೇಳುತ್ತದೆ.

ಸೋಲೊ ಬಗ್ಗೆ ಒಂದು ಮಾತು. ಗಿಲ್ಮೋರ್ ಹಲವು ಬಾರಿ ನುಡಿಸಿ, ಚೆನ್ನಾಗಿದ್ದ ತುಣುಕುಗಳನ್ನು ಆಯ್ದು ಜೋಡಿಸಿದ ಸೋಲೊ ಅದು. ಹಾಗಿರುವಾಗ ನಮ್ಮ ಗಿಟಾರಿಸ್ಟ್ ಅದನ್ನು ಚಿಕ್ಕದಾಗಿಸಿ ನುಡಿಸುವುದರಲ್ಲಿ ನನಗೆ ಅಪಚಾರವೇನೂ ಕಾಣುವುದಿಲ್ಲ. 2002ರಲ್ಲಿ ಬೆಂಗಳೂರಿಗೆ ಬಂದಿದ್ದ ವಾಟರ್ಸ್ ಕಛೇರಿಯನ್ನು ಕೇಳಿದವರು ಇಂದಿಗೂ ಸಭೆಯಲ್ಲಿ ಇರುತ್ತಾರೆ, ಒಂದೊಂದು ಸ್ವರವನ್ನೂ ಹೋಲಿಸುತ್ತಾರೆ, ನಿಜ. ಆದರೆ ಅವರನ್ನೂ ಹಿಡಿದಿಡುವುದು ಉದ್ದವಾಗಿ ನಿಲ್ಲುವ ಸ್ವರಗಳೇ, ಆ ನಿಲುವಿಗೆ ಆಂಪ್ಲಿಫೈಯರ್ ಜೋರಾಗಿಯೇ ಇರಬೇಕು. ಸದ್ದಿಗೆ ಮಿತಿ ಹಾಕುವ ಸಣ್ಣ ಜಾಗಗಳಲ್ಲಿ ನಾವು ಈ ಹಾಡನ್ನು ಎತ್ತಿಕೊಳ್ಳುವುದಿಲ್ಲ; ಬಯಲು ವೇದಿಕೆಗೆ ಮೀಸಲಿಟ್ಟಿದ್ದೇವೆ.

ಹೊಸ ಬ್ಯಾಂಡ್ ಕೇಳಿದರೆ ನಾನು ‘ಮನಿ’ಯನ್ನೇ ಸೂಚಿಸುತ್ತೇನೆ: ಗಾಯಕ ಒಬ್ಬ ಸಾಕು, ಗಿಟಾರ್ ಒಂದಿದ್ದರೂ ನಡೆಯುತ್ತದೆ, ಮೊದಲ ಬಾಸ್ ಸ್ವರಕ್ಕೇ ಪಬ್‌ನ ಗದ್ದಲ ತಗ್ಗುತ್ತದೆ. ಸ್ಯಾಕ್ಸೊಫೋನ್ ಸಿಗದ ದಿನ ಆ ಭಾಗವನ್ನು ಬಿಟ್ಟು ನೇರವಾಗಿ ಗಿಟಾರ್ ಸೋಲೊಗೆ ಹೋಗಿ.