ಮೊದಲ್ನೇ ರೇಸಿಗೆ ಹೊಸ ಕಾರ್ಬನ್ ವೀಲ್: ಶಿಮಾನೋ ಆರ್‌ಎಸ್710 ಸಿ46, ಪುಣೆ ರೋಡಿನ್ಯಾಗ

ರೇಸ್ ಹತ್ರ ಬಂತು, ನಮ್ಮ ಪುಣೆ ಕನ್ನಡ ಮಂದ್ಯಾಗ ಸೈಕಲ್ ಹುಚ್ಚು ಇರೋರೆಲ್ಲ ಸಿಕ್ಕಲ್ಲಿ ಕೇಳಾಕತ್ತಾರ, ಹೊಸ ವೀಲ್ ಹೆಂಗದಾವು, ತಗೋಬಹುದಾ ಅಂತ. ಒಬ್ಬೊಬ್ರಿಗೆ ಹೇಳೂದ್ಕಿಂತ ಒಮ್ಮೆ ಬರದಬಿಡೂದು ಛಲೋ.

ರಿಮ್ 46 ಮಿ.ಮೀ. ಎತ್ತರ, ಒಳಗ 21 ಮಿ.ಮೀ. ಅಗಲ, ಡಿಸ್ಕ್ ಬ್ರೇಕ್ ಸೈಕಲ್‌ಗಷ್ಟ ಕೂಡ್ತಾವು, ಜೋಡಿ ತೂಕ 1.6 ಕೆಜಿ ಆಜೂಬಾಜು. ಇದ್ಕಿಂತ ಹಗುರ ಕಾರ್ಬನ್ ವೀಲ್ ಬಜಾರ್‌ದಾಗ ಬೇಕಾದಷ್ಟು ಅದಾವು, ಖರೆ ಮಾತು. ನಾ ಇದನ್ನ ಆರಿಸಿದ್ದು ಫ್ರೀಹಬ್, ಅಂದ್ರ ಹಿಂದಿನ ಗಾಲಿಯೊಳಗ ಗೇರಿನ ಹಲ್ಲಿನ ಚಕ್ರ ಕೂಡೂ ಭಾಗ, ಅದರ ಸಲುವಾಗಿ. ಹಿಂದ 11 ಗೇರ್ ಇರೂದು, 12 ಗೇರ್ ಇರೂದು ಎರಡೂ ನಡೀತೈತಿ, ನನ್ನ ಹಳೇ ಶಿಮಾನೋ 105 ಗೇರ್ ಸೆಟ್ಟಿನ ಕ್ಯಾಸೆಟ್ (ಆ ಹಲ್ಲಿನ ಚಕ್ರಗಳ ಜೋಡಣಿ) ಬಿಚ್ಚಿ ಹಂಗ ಇದಕ್ಕ ಹಾಕಿದ್ವಿ, ಮತ್ತೊಂದು ಖರ್ಚು ಉಳೀತು.

ಈಗ ಓಡೂದು ಹೆಂಗ ಅಂತ. ಬೋಪ್‌ದೇವ್ ಘಾಟ್ ಹತ್ತೂವಾಗ ಏನೂ ಫರಕ್ ಇಲ್ರಿ, ಕಾಲು ಅವ, ಉಸಿರೂ ಅದ. ಘಾಟ್ ದಾಟಿ ಸಾಸ್ವಡ್ ಕಡೆ ಸಪಾಟ ರೋಡಿಗೆ ಬಂದು ತಾಸಿಗೆ 35 ಕಿ.ಮೀ. ಮ್ಯಾಲ ಸ್ಪೀಡ್ ಹಿಡಿದ್ರ ಆವಾಗ ಗೊತ್ತಾಗ್ತೈತಿ, ಸ್ಪೀಡ್ ಹಿಡಿದಿಡೂದು ಸಲೀಸ ಆಗ್ತೈತಿ, ಯಾಕಂದ್ರ ಗಾಳಿ ಎದುರು ತಳ್ಳೂದು ಸ್ಪೀಡ್ ಎರಡು ಪಟ್ಟಾದ್ರ ನಾಕು ಪಟ್ಟು ಏರ್ತೈತಿ, ಮೆಲ್ಲಕ ಹೋಗೋರಿಗೆ ಎತ್ತರದ ರಿಮ್ ಬರೇ ಶೋಕಿ. ದಿವೇ ಘಾಟ್ ಇಳಿಯೂವಾಗ ಮಾತ್ರ ಹುಷಾರ್ರಿ, ಅಡ್ಡಗಾಳಿ ಬಂತಂದ್ರ ಮುಂದಿನ ಗಾಲಿ ಸರಕ್ಕನ ಬಾಜೂಕ ಎಳೀತೈತಿ. ಒಬ್ರ ಇದ್ರ ನಡೀತೈತಿ, ರೇಸಿನ್ಯಾಗ ಮುಂದಿನವನ ಹಿಂದಿನ ಗಾಲಿಗೆ ಗೇಣಿನಷ್ಟ ಅಂತರ ಇಟ್ಟು ಹೋಗೂವಾಗ ಇದು ಆಟ ಅಲ್ಲ. ರೇಸಿಗೆ ಮೊದ್ಲ ನಾಕ್ ಮಂದಿ ಜೋಡಿ ಗಾಳಿ ಇರೂ ದಿನಾನ ಹೋಗಿ ರೂಢಿ ಮಾಡ್ಕೋರಿ. ಗಾಳಿ ತಪ್ಪಿಸಿ ಗುಂಪಿನ ಹಿಂದ ಅಡಗಿ ಕುಂತ್ರ ಉಳಿಯೂ ತ್ರಾಣ ಯಾವ ಕಾರ್ಬನ್ ರಿಮ್ಮೂ ಉಳಸೂದಿಲ್ಲ.

ಫಿಟ್ಟಿಂಗ್ ಮಾಡಿಸಿದ್ದು ಕೋಥ್ರೂಡ್ ಕಡೆ ಒಂದು ಸಣ್ಣ ಅಂಗಡ್ಯಾಗ. ಮೆಕ್ಯಾನಿಕ್ ಅಥಣಿ ಕಡೆಯವ, ನಾ ಮರಾಠಿ ಶುರು ಮಾಡೂದ್ರಾಗ "ಸರ್, ಕನ್ನಡದಾಗ ಹೇಳ್ರಿ" ಅಂದ! ಟ್ಯೂಬ್‌ಲೆಸ್ 28 ಮಿ.ಮೀ. ಅಗಲದ ಟಯರ್ ಹಾಕಿ ಗಾಳಿ 70 ಪಿಎಸ್‌ಐ ದಾಟಿಸ್ಲಿಲ್ಲ, "ಕಲ್ಲಿನಂಗ ಮಾಡಿದ್ರ ನಮ್ಮ ರೋಡಿಗೆ ಕುಣೀತಾವ್ರಿ" ಅಂತ. ಪಂಕ್ಚರ್ ಆದ್ರ ಬೇಕಂತ ಸೀಟಿನ ಕೆಳಗಿನ ಚೀಲದಾಗ ಇಟ್ಟಿದ್ದ ಟ್ಯೂಬ್ ನೋಡಿ ನಕ್ಕ, ಅದರ ವಾಲ್ವ್ ಗಿಡ್ಡ, ಈ ರಿಮ್ಮಿನಿಂದ ಹೊರಗ ಬರೂದ ಇಲ್ಲ, 60 ಮಿ.ಮೀ. ಇಲ್ಲಾ ಅದ್ಕಿಂತ ಉದ್ದದ ವಾಲ್ವಿನ ಟ್ಯೂಬ್ ಬೇಕಂತ. ಹೊಸ ರೋಟರ್ (ಡಿಸ್ಕ್ ಬ್ರೇಕಿನ ತಟ್ಟಿ) ಹಾಕಿಸಿದ್ರ ರೇಸಿಗೆ ಮೊದ್ಲ ಖಾಲಿ ರೋಡಿನ್ಯಾಗ ಸ್ಪೀಡ್ ಹಿಡಿದು ಮತ್ತ ಮತ್ತ ಬ್ರೇಕ್ ಒತ್ತಿ ಪಳಗಿಸ್ಬೇಕು, ಇಲ್ಲಾಂದ್ರ ಹಿಡಿತ ಬರೂದಿಲ್ಲ, ಕಿರುಚ್ತೈತಿ. ಕೆಲಸ ಏ ಒನ್. ಟೈಮ್ ಮಾತ್ರ ಕೇಳಬ್ಯಾಡ್ರಿ, ಸಂಜಿಗೆ ಕೊಡ್ತೀನಿ ಅಂದದ್ದು ಮರುದಿನ ಮಧ್ಯಾಹ್ನ ಸಿಕ್ತು, ಫೋನ್ ಎತ್ತೂದೂ ಇಲ್ಲ.

ಮೊದಲ್ನೇ ರೇಸ್, ರೊಕ್ಕ ಕಮ್ಮಿ ಅಂದ್ರ ಇದನ್ನ ಬಿಡ್ರಿ, ಒಳ್ಳೇ ಟಯರ್ ಜೋಡಿ ತಗೋರಿ, ಅದರ ಫರಕ್ ಘಾಟಿನ್ಯಾಗೂ ಗೊತ್ತಾಗ್ತೈತಿ. ರೊಕ್ಕ ಐತಿ, ಸಪಾಟ ರೋಡಿನ್ಯಾಗ ದಮ್ಮೂ ಐತಿ ಅಂದ್ರ ತಗೋರಿ. ನನ್ನ ಹಳೇ ಅಲಾಯ್ ವೀಲ್ ಮಳೀಗಾಲಕ್ಕ ಬೇಕು, ಮಾರೂದಿಲ್ಲ, ಅದಕ್ಕ ಮಾತ್ರ ಮೆಸೇಜ್ ಹಾಕಬ್ಯಾಡ್ರಿ.