ಇಕ್ಕೇರಿಯ ನಂದಿಗೆ ಫಿಲ್ಮ್, ತೋಟದ ಹಣ್ಣಡಿಕೆಗೆ ಡಿಜಿಟಲ್

ನಾನು ಕಪ್ಪು-ಬಿಳುಪು ಫೋಟೊ ತೆಗೆಯಲು ಕಲಿತದ್ದು ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಫಿಲ್ಮಿನಲ್ಲಿ. ಆ ಫಿಲ್ಮ್ ಈಗ ಇಲ್ಲ, ಆದರೆ ಕಪ್ಪು-ಬಿಳುಪು ನನ್ನನ್ನು ಬಿಟ್ಟಿಲ್ಲ. ಕಳೆದ ಆಷಾಢದಿಂದ ಅಡಿಕೆ ಕೊಯ್ಲಿನ ತನಕ ಎರಡು ಕ್ಯಾಮೆರಾ ಹೊತ್ತು ತಿರುಗಿದೆ. ಒಂದರಲ್ಲಿ ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಎಂಬ ಕಪ್ಪು-ಬಿಳುಪು ಫಿಲ್ಮ್. ಇನ್ನೊಂದು ಡಿಜಿಟಲ್, ರಾ ಫೈಲ್ (ಕ್ಯಾಮೆರಾ ಹಿಡಿದ ಬಣ್ಣವೆಲ್ಲ ಹಾಗೇ ಇರುವ ಕಡತ) ತೆಗೆದು, ಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ಕಳೆದೆ. ಎರಡೂ 400 ಐಎಸ್‌ಒ, ಅಂದರೆ ಬೆಳಕಿಗೆ ಒಂದೇ ಸೂಕ್ಷ್ಮತೆ.

ಮೊದಲು ಸಾಗರದ ಹತ್ತಿರದ ಇಕ್ಕೇರಿ, ಅಘೋರೇಶ್ವರ ದೇವಸ್ಥಾನ. ನಂದಿ ಮಂಟಪದ ಒಳಗೆ ಕತ್ತಲೆ, ಕಮಾನಿನಾಚೆ ಮಳೆಮೋಡದ ಬಿಳಿ ಆಕಾಶ. ಕಲ್ಲಿನ ನಂದಿಯ ಮುಖಕ್ಕೆ ಬೆಳಕು ಅಳೆದು ಎರಡರಲ್ಲೂ ಕ್ಲಿಕ್ ಮಾಡಿದೆ. ಡಿಜಿಟಲ್‌ನಲ್ಲಿ ಕಮಾನು ಬರೀ ಬಿಳಿ. ಅಲ್ಲಿ ಹುಡುಕಿದರೂ ಏನೂ ಸಿಗಲಿಲ್ಲ. ಆಕಾಶ ಉಳಿಸಲು ಬೆಳಕು ಕಡಿಮೆ ಮಾಡಿ ಮತ್ತೆ ತೆಗೆದರೆ ನಂದಿಯ ಕೊರಳ ಗೆಜ್ಜೆಯ ಸಾಲು ಮಸುಕಾಯಿತು. ಫಿಲ್ಮಿನ ನೆಗೆಟಿವ್‌ನಲ್ಲಿ ಆಕಾಶ ದಟ್ಟ ಕಪ್ಪಾಗಿತ್ತು, ಸತ್ತಿರಲಿಲ್ಲ. ನೆಗೆಟಿವ್ ಅನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್ ಕೆಳಗೆ ಉಳಿದ ಭಾಗಕ್ಕೆ ಅಂಗೈ ಅಡ್ಡ ಹಿಡಿದು, ಕಮಾನಿಗೆ ಮಾತ್ರ ಇನ್ನಷ್ಟು ಹೊತ್ತು ಬೆಳಕು ಕೊಟ್ಟೆ. ಕೆಂಪು ದೀಪದಲ್ಲಿ, ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್ ತಟ್ಟೆಯೊಳಗೆ, ಮೋಡ ಮೆಲ್ಲಗೆ ಎದ್ದು ಬಂತು. ಇಷ್ಟು ವರ್ಷವಾದರೂ ಆ ಕ್ಷಣದಲ್ಲಿ ಉಸಿರು ಹಿಡಿಯುತ್ತೇನೆ.

ತೋಟದಲ್ಲಿ ಮಾತು ಬೇರೆ. ಹಸಿರು ಸೋಗೆಯ ನಡುವೆ ಕೆಂಪಗೆ ಹಣ್ಣಾದ ಅಡಿಕೆ ಗೊನೆ ಕಣ್ಣಿಗೆ ಎಷ್ಟು ಚಂದ, ಅಲ್ವಾ? ಫಿಲ್ಮಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬೂದು. ಗೊನೆ ಎಲ್ಲಿದೆ ಎಂದು ಹುಡುಕಬೇಕು. ಹಸಿರು ಫಿಲ್ಟರ್ ಹಾಕಿದರೆ ಎಲೆ ಬೆಳ್ಳಗಾಗುತ್ತದೆ, ಹಣ್ಣು ಕಪ್ಪಾಗುತ್ತದೆ. ಆದರೆ ಬೆಳಕು ತಿನ್ನುತ್ತದೆ. ತೋಟದಲ್ಲಿ ಬೆಳಕೇ ಕಮ್ಮಿ. ಗೊನೆ ಕೊಯ್ಯಲು ಮರದ ತುದಿಯಲ್ಲಿ ತೂಗುವ ಕೊನೆಗೌಡ ಸುಮ್ನೆ ನಿಲ್ಲುತ್ತಾನಾ? ಡಿಜಿಟಲ್‌ನಲ್ಲಿ ಬಣ್ಣ ಫೈಲಿನೊಳಗೇ ಇರುತ್ತದೆ. ಮನೆಗೆ ಬಂದು ಹಸಿರನ್ನು ಮಾತ್ರ ಮೇಲೆತ್ತಿದೆ, ಕೆಂಪನ್ನು ಇಳಿಸಿದೆ. ಗೊನೆ ಎದ್ದು ನಿಂತಿತು. ಇಲ್ಲಿ ಡಿಜಿಟಲ್ಲೇ ಗೆದ್ದಿತು, ಒಪ್ಪುತ್ತೇನೆ.

ಖರ್ಚಿನ ಮಾತು ಬೇಡ, ಫಿಲ್ಮ್ ದುಬಾರಿ.

ಮಳೆಗಾಲದ ತೊಂದರೆ ಮಾತ್ರ ಹೇಳಲೇಬೇಕು. ಫಿಲ್ಮ್ ಡೆವಲಪ್ ಮಾಡಲು ಐಡಿ-11 ಎಂಬ ಡೆವಲಪರ್‌ನಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ, ಅದು ಸುಲಭ. ಕಷ್ಟ ಇರುವುದು ಒಣಗಿಸುವುದರಲ್ಲಿ. ತೇವಕ್ಕೆ ರೋಲ್ ಒಣಗಲಿಲ್ಲವೆಂದು ಬಚ್ಚಲಲ್ಲಿ ಹಂಡೆ ಒಲೆಯ ಹತ್ತಿರ ನೇತು ಹಾಕಿದೆ. ಬೆಳಿಗ್ಗೆ ನೋಡಿದರೆ ಹಸಿ ಫಿಲ್ಮಿಗೆ ಬೂದಿ ಕಣ ಅಂಟಿದೆ. ಮೂವತ್ತಾರು ಚಿತ್ರಗಳಲ್ಲಿ ಹನ್ನೊಂದು ಹಾಳು. ಜೋಗದ ಮಂಜು ಅದರಲ್ಲೇ ಇತ್ತು. ತುಂಬಾ ಬೇಜಾರಾಯಿತು. ಈಗ ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಲೆ ಹೊಗೆಯಿಂದ ದೂರ, ಎರಡು ದಿನ ಬಿಡುತ್ತೇನೆ.

ಕಲ್ಲು, ಮಂಜು, ಮುಖ: ಇವಕ್ಕೆ ನನ್ನ ಕೈ ಫಿಲ್ಮ್ ಕಡೆಗೇ ಹೋಗುತ್ತದೆ. ಕಾಡು-ತೋಟಕ್ಕೆ ಡಿಜಿಟಲ್. ಮುಂದಿನ ಮಳೆಗೆ ಮೊದಲ ರೋಲ್ ಜೋಗಕ್ಕೆ, ಆ ಹನ್ನೊಂದನ್ನು ಮತ್ತೆ ತೆಗೆಯಲು.