ಡ್ರಾಕುಲಾ ಮೊದಲೋ, ಕಾರ್ಮಿಲಾ ಮೊದಲೋ?

ಚಿತ್ರದುರ್ಗದ ಕೋಟೆಯಲ್ಲಿ ಸಂಜೆ ಬಂಡೆಗಳ ನೆರಳು ಉದ್ದವಾಗುವಾಗ ಹುಟ್ಟುವ ಅಳುಕು ಪುಸ್ತಕದಲ್ಲೂ ಬೇಕು ಅನ್ನುವವರು ‘ಕಾರ್ಮಿಲಾ’ದಿಂದ ಶುರುಮಾಡಿ. ರಕ್ತ ಹೀರುವ ಪಿಶಾಚಿಯ (ವ್ಯಾಂಪೈರ್) ಕತೆಯಾದ 1872ರ ಈ ಕಿರುಕಾದಂಬರಿ ನೂರು ಪುಟದ ಆಸುಪಾಸು. ದಾವಣಗೆರೆಗೆ ಬಸ್ಸಲ್ಲಿ ಹೋಗಿಬರುವಷ್ಟರಲ್ಲಿ ಬಹುಪಾಲು ಮುಗಿಯುತ್ತದೆ. ಲಾರಾ ಎಂಬ ಒಂಟಿ ಹುಡುಗಿ ಹೇಳುವ ಕತೆ. ಇಲ್ಲಿ ಭಯ ಬರುವುದು ಗೆಳತಿಯ ರೂಪದಲ್ಲಿ.

ಆಮೇಲೆ ‘ಡ್ರಾಕುಲಾ’. ರಕ್ತಪಿಶಾಚಿಯದೇ ಕತೆಯಾದ 1897ರ ಈ ಕಾದಂಬರಿಗೆ 27 ಅಧ್ಯಾಯ. ಮೊದಲ ನಾಲ್ಕು, ಅಂದರೆ ಡ್ರಾಕುಲಾನ ಕೋಟೆಯಲ್ಲಿ ಸಿಕ್ಕಿಬಿದ್ದ ವಕೀಲ ಜೊನಾಥನ್‌ನ ದಿನಚರಿ, ಅದ್ಭುತ: ಕ್ಷೌರದ ಕನ್ನಡಿಯಲ್ಲಿ, ಹಿಂದೆಯೇ ನಿಂತ ಡ್ರಾಕುಲಾನ ಬಿಂಬವಿಲ್ಲ! ಐದರಿಂದ ಪತ್ರ, ದಿನಚರಿ, ತಂತಿ (ಟೆಲಿಗ್ರಾಂ) ಎಲ್ಲ ಬೆರೆತು ತಾರೀಖು ಹಿಂದುಮುಂದಾಗುತ್ತದೆ. ಓದುಗರು ತಪ್ಪಿಹೋಗುವುದು ಇಲ್ಲೇ. ಪ್ರತಿ ಬರಹದ ತಲೆಯಲ್ಲಿರುವ ಹೆಸರು, ತಾರೀಖು ಬಿಡದೆ ಓದಿ. ಸಂಕ್ಷಿಪ್ತ ಆವೃತ್ತಿ ಮಾತ್ರ ಬೇಡ. ಕತ್ತರಿಗೆ ಮೊದಲು ಸಿಗುವುದೇ ಆ ಮಂಜು, ಆ ಮೌನ.